ರಾಗಿ ಮನೆ ಸೇರಿತು, ಎಲ್ಲರಿಗೂ ನಮಸ್ಕಾರ

ಮೊನ್ನೆ ಕೊನೆಯ ಮೆದೆ (ಕುಯ್ದ ಹೊರೆಗಳ ಒಟ್ಟಿಲು) ಕಿತ್ತು ಒಕ್ಕಣೆ ಮುಗಿಸಿದೆವು. ಫೆಂಗಲ್ ಚಂಡಮಾರುತದ ಮಳೆಯಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಟಾರ್ಪಲ್ ಕೊಟ್ಟವರು, ಹೊತ್ತಲ್ಲದ ಹೊತ್ತಲ್ಲಿ ಟ್ರ್ಯಾಕ್ಟರ್ ತಂದವರು, ಕೊಟ್ಟಿಗೆ ಖಾಲಿ ಮಾಡಿಕೊಟ್ಟವರು, ರಾತ್ರಿಯಿಡೀ ಟೀ ಕಾಯಿಸಿದ ಅಕ್ಕಂದಿರು, ನಿಮ್ಮೆಲ್ಲರ ಋಣ ನಮ್ಮ ಮೇಲಿದೆ.

ಇನ್ನು ಚಿಕ್ಕಪ್ಪನ ವಿಷಯ.

ಜುಲೈ ಕೊನೆಯ ಪುಷ್ಯ ಮಳೆಗೆ ಬಿತ್ತಿದ ಎಂಆರ್-6 ತಳಿಯ ರಾಗಿ ಸುಮಾರು 125 ದಿನಕ್ಕೆ ಕುಯ್ಲಿಗೆ ಬಂತು. 2024ರ ನವೆಂಬರ್ 30ಕ್ಕೆ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿದಾಗ ಕುಯ್ದ ರಾಗಿ ಇನ್ನೂ ಹೊರೆ ಕಟ್ಟದೆ ಹೊಲದಲ್ಲೇ ಅರಿ ಬಿದ್ದಿತ್ತು. ಎಲ್ಲವನ್ನೂ ಒಟ್ಟಿ ಟಾರ್ಪಲ್ ಬಿಗಿದುಬಿಡೋಣ ಅಂತ ನಾವು. ಚಿಕ್ಕಪ್ಪ ತಡೆದರು: "ಹಸೀದು ಮುಚ್ಚಿದ್ರೆ ಒಳಗೇ ಬೇಯ್ತದೆ ಕಣ್ರೋ."

ಮೊದಲು ಒಣಗಿದ್ದು, ನೆನೆದದ್ದು ಬೇರೆ ಮಾಡಿಸಿದರು. ಒಣ ಹೊರೆಗೆ ಮಾತ್ರ ಮೆದೆ. ಕೆಳಗಡೆ ಕಲ್ಲು, ಅದರ ಮೇಲೆ ಹೊಂಗೆ ಸೊಪ್ಪು. ತೆನೆ ಒಳಕ್ಕೆ, ಬುಡ ಹೊರಕ್ಕೆ, ಬುಡದ ಕಡೆ ಇಳಿಜಾರು, ನೀರು ಆಚೆಗೇ ಜಾರಬೇಕು. ಟಾರ್ಪಲ್ ನೆತ್ತಿಗಷ್ಟೇ, ಪಕ್ಕದಲ್ಲಿ ಗಾಳಿಯಾಡಬೇಕು. ನೆನೆದ ಹೊರೆಗಳ ಕಟ್ಟು ಸಡಿಲಿಸಿ, ತೆನೆ ಮೇಲಾಗಿ ಕೊಟ್ಟಿಗೆ ಗೋಡೆಗೆ ಒರಗಿಸಿದೆವು. ಒಂದರ ಮೇಲೊಂದು ಒಟ್ಟಿದ್ದರೆ ಕಾವು ಏರಿ ಕಾಳು ಕಪ್ಪಾಗಿ ಮುಗ್ಗುತ್ತಿತ್ತು, ಇಲ್ಲವೇ ತೆನೆಯಲ್ಲೇ ಮೊಳಕೆ.

ಎರಡನೇ ರಾತ್ರಿ ನಾವು ಕೈಚೆಲ್ಲಿ ಕೂತಿದ್ದು ನಿಜ. 2021ರ ನವೆಂಬರ್ ಮಳೆಯಲ್ಲಿ ನೆಲಕ್ಕೊರಗಿದ ತೆನೆ ಮೊಳೆತಿತ್ತು. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಹೊಡೆ (ಗರಿಯೊಳಗಿನ ಎಳೆ ತೆನೆ) ತುಂಬುವ ಮೊದಲೇ ಪೈರು ಸುರುಟಿತು. ಆ ವರ್ಷ ದೇಶದ ಮುಂಗಾರು ವಾಡಿಕೆಯ ಶೇ 94 ಅಂತ ಲೆಕ್ಕ, 2024ರದ್ದು ಶೇ 108. ಈ ಅಂಕಿ ಕಟ್ಟಿಕೊಂಡು ಏನು ಮಾಡೋದು? ಹೊಡೆಗೆ ಬೇಕಾದಾಗ ಬಾರದ ಮಳೆ ಅರಿ ಬಿದ್ದಾಗ ಬಂತು. ಯಾರನ್ನು ಬೈಯೋದು? ಅತ್ತೂ ಆಯಿತು.

ಚಿಕ್ಕಪ್ಪ ಸಮಾಧಾನದ ಮಾತೇನೂ ಆಡಲಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಮೆದೆಯೊಳಕ್ಕೆ ಮೊಳಕೈವರೆಗೂ ಕೈ ತೂರಿಸಿ ನೋಡುತ್ತಿದ್ದರು. ಬೆಚ್ಚಗೆ ಅನ್ನಿಸಿದ ಕಡೆ ನಾಲ್ಕು ಹೊರೆ ಎಳೆಸಿ ಗಾಳಿಗೆ ಹಿಡಿಸಿದರು. ಅವರ ಸ್ವಂತ ಅರಿ ಅದೇ ಹೊತ್ತಿಗೆ ಮಳೆಯಲ್ಲಿ ನೆನೆಯುತ್ತಿತ್ತು. ಅದು ನಮಗೆ ಗೊತ್ತಾಗಿದ್ದು ಮೂರನೇ ದಿನ.

ಒಕ್ಕಿದ ಮೇಲೂ ಅವರು ಬಿಡಲಿಲ್ಲ. ಕಣದಲ್ಲಿ ತೆಳ್ಳಗೆ ಹರಡಿ, ಗಂಟೆಗೊಮ್ಮೆ ಕಾಲಲ್ಲಿ ಕೆದಕಿ, ಹಲ್ಲಿಗೆ ಕಟಕ್ ಅನ್ನುವವರೆಗೂ ಒಣಗಿಸಿದೆವು. ತೇವಾಂಶ ಶೇ 12 ದಾಟಿದ್ದರೆ 2024-25ರಲ್ಲಿ ಕ್ವಿಂಟಲ್‌ಗೆ 4,290 ರೂಪಾಯಿ ಇದ್ದ ಸರ್ಕಾರದ ಬೆಂಬಲ ಬೆಲೆ ಕಾಗದದಲ್ಲೇ ಉಳಿಯುತ್ತಿತ್ತು. ನೆನೆದ ರಾಗಿಯನ್ನು ಒಣ ಮೆದೆಯದ್ದಕ್ಕೆ ಬೆರೆಸಲಿಲ್ಲ. ಅದು ಹಿಟ್ಟಿಗೆ ಆದೀತು, ಬಿತ್ತನೆಗೆ ಆಗದು.

ಚಿಕ್ಕಪ್ಪ, ಮುಂದಿನ ಪುಷ್ಯಕ್ಕೆ ನಿಮ್ಮ ಹೊಲಕ್ಕೆ ಬೇಕಾದ ಬಿತ್ತನೆ ರಾಗಿ ಒಣ ಮೆದೆಯದ್ದೇ ಆರಿಸಿ, ಬೇರೆ ಚೀಲದಲ್ಲಿ ಕಟ್ಟಿಟ್ಟಿದ್ದೇವೆ. ಬೇಡ ಅನ್ನಬೇಡಿ.