ಮಗಳಿಗೊಂದು ಪತ್ರ: ನಾಲ್ಕು ಕಿಲೋಮೀಟರಿಗೆ ಎಂಥ ಸೈಕಲ್ ಬೇಕು

ಅರಸೀಕೆರೆ

ಚಿ. ಪುಟ್ಟಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ.

ಮೊನ್ನೆ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಹೇಳಬಹುದಿತ್ತು. ಆದರೆ ಅದು ನಿನ್ನ ಮೊದಲ ಸಂಬಳಗಳಲ್ಲಿ ಉಳಿದ ಹಣದ ಮಾತಾದ್ದರಿಂದ ಯೋಚಿಸಿ ಬರೆಯುವುದೇ ಸರಿ ಎನ್ನಿಸಿತು. ಮೈಸೂರಿನ ಗೋಕುಲಂನ ನಿನ್ನ ಕೋಣೆಯಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಗೆ ಸುಮಾರು ನಾಲ್ಕು ಕಿಲೋಮೀಟರು. ಅಷ್ಟು ದೂರಕ್ಕೆ ಸಾಲ ಮಾಡಿ ಸ್ಕೂಟರ್ ತೆಗೆದುಕೊಳ್ಳಬೇಕೆ, ಇಂಟರ್‌ನೆಟ್ಟಿನಲ್ಲಿ ಕಂಡ 21 ಗೇರಿನ ಸೈಕಲ್ ತರಿಸಬೇಕೆ, ಅಥವಾ ಸಾದಾ ಸೈಕಲ್ ಸಾಕೆ ಎಂದು ಕೇಳಿದ್ದೆ. ಸಾದಾ ಸೈಕಲ್ ಸಾಕು. ಆದರೆ ಸಾದಾ ಸೈಕಲ್ ಎಂದರೆ ಸಿಕ್ಕಿದ ಅಗ್ಗದ ಸೈಕಲ್ ಎಂದಲ್ಲ. ಅದನ್ನೇ ಬಿಡಿಸಿ ಹೇಳುತ್ತೇನೆ.

ಸ್ಕೂಟರಿನ ವಿಷಯ ಬೇಗ ಮುಗಿಯುತ್ತದೆ. ಬೆಲೆಯ ಮೇಲೆ ರಸ್ತೆ ತೆರಿಗೆ, ನೋಂದಣಿ, ಹೊಸ ವಾಹನಕ್ಕೆ ಐದು ವರ್ಷಗಳದ್ದನ್ನು ಒಟ್ಟಿಗೇ ಕಟ್ಟಬೇಕಾದ ಥರ್ಡ್ ಪಾರ್ಟಿ ವಿಮೆ, ಹೆಲ್ಮೆಟ್ ಎಲ್ಲ ಸೇರಿದರೆ ಲೆಕ್ಕ ಲಕ್ಷ ರೂಪಾಯಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ದಿನಕ್ಕೆ ಎಂಟು ಕಿಲೋಮೀಟರು ಓಡಿಸಲು ಮೂರು ವರ್ಷ ಕಂತು ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಬ್ಯಾಟರಿ ಸೈಕಲ್ಲಿನ ಬಗೆಗೂ ಕೇಳಿದ್ದೆ. ಮೋಟಾರು 250 ವಾಟ್ ಮೀರದೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಅದಕ್ಕೆ ನೋಂದಣಿಯಾಗಲಿ ಲೈಸೆನ್ಸ್ ಆಗಲಿ ಬೇಡ ಎಂಬುದು ನಿಜ. ದೂರ ಹತ್ತು ಹನ್ನೆರಡು ಕಿಲೋಮೀಟರಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ. ನಾಲ್ಕು ಕಿಲೋಮೀಟರಿಗೆ ಅದು ಬೇಡ, ಕೆಲವು ವರ್ಷಗಳ ನಂತರ ಬ್ಯಾಟರಿ ಬದಲಾಯಿಸುವ ಖರ್ಚೂ ಬೇಡ.

ಗೇರುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಯಲ್ಲಿ ಆ ತಪ್ಪು ಒಮ್ಮೆ ಆಗಿದೆ. ನಿನ್ನ ಅಣ್ಣ ಪಿಯುಸಿ ಸೇರಿದಾಗ ಅವನ ಆಸೆಗೆ ಒಪ್ಪಿ ಮುಂದೆ ಹಿಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್ ಇದ್ದ, 21 ಗೇರಿನ ಸೈಕಲ್ ಕೊಡಿಸಿದೆ. ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ಸ್ಪ್ರಿಂಗುಗಳೇ ಕುಗ್ಗಿ ಹಿಗ್ಗಿ ನುಂಗಿಬಿಡುತ್ತಿದ್ದವು. ಮೂರನೇ ತಿಂಗಳಲ್ಲಿ ಸೈಕಲ್ ಬಲಕ್ಕೆ ಮಗುಚಿ ಬಿದ್ದು, ಹಿಂದಿನ ಚಕ್ರದ ಪಕ್ಕದಲ್ಲಿ ನೇತಾಡುವ ಗೇರ್ ಬದಲಿಸುವ ಭಾಗ ಒಳಕ್ಕೆ ಬಾಗಿತು. ಅದನ್ನು ಸರಿಮಾಡಬಲ್ಲವರು ಊರಿನಲ್ಲಿ ಇರಲಿಲ್ಲ, ಮಾರಿದ ಅಂಗಡಿಯವರು ಬಿಡಿಭಾಗ ತರಿಸಿಕೊಡಲಿಲ್ಲ. ಹಿತ್ತಲಿನಲ್ಲಿ ತುಕ್ಕು ಹಿಡಿದ ಆ ಸೈಕಲನ್ನು ನೀನೂ ನೋಡಿದ್ದೀಯೆ. ಗೇರು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮಡಿಕೇರಿಯಂತಹ ಏರುತಗ್ಗಿನ ಊರಿನಲ್ಲಿ ಅದು ಬೇಕೇ ಬೇಕು. ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಗೇರು, ಶಾಕ್, ಡಿಸ್ಕ್ ಬ್ರೇಕು ಮೂರನ್ನೂ ತುಂಬಿಸಿದಾಗ ಆ ಹಣವನ್ನು ಫ್ರೇಮು, ಚಕ್ರ, ಬೇರಿಂಗುಗಳಿಂದ ಕಡಿತ ಮಾಡಿಯೇ ತುಂಬಿಸಿರುತ್ತಾರೆ.

ಗೇರಿಲ್ಲದ ಸೈಕಲ್ಲಿನಲ್ಲಿ ನಿನಗೆ ಸಾಲುವಷ್ಟು ಓಟ ಸಿಗುತ್ತದೆಯೇ ಎಂಬುದನ್ನು ಹಲ್ಲು ಎಣಿಸಿ ತಿಳಿಯಬಹುದು. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 44, ಹಿಂದಿನ ಫ್ರೀ ವ್ಹೀಲಿನಲ್ಲಿ 18 ಹಲ್ಲುಗಳಿದ್ದು, ಚಕ್ರ 26 ಇಂಚಿನದಾದರೆ, ಪೆಡಲನ್ನು ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು 5 ಮೀಟರ್ ಮುಂದಕ್ಕೆ ಹೋಗುತ್ತದೆ. ನಿಮಿಷಕ್ಕೆ 50 ಸುತ್ತು ಆರಾಮವಾಗಿ ತುಳಿದರೂ ಗಂಟೆಗೆ 15 ಕಿಲೋಮೀಟರು ಆಯಿತು. ಸಿಗ್ನಲ್ಲಿನಲ್ಲಿ ನಿಂತ ಹೊತ್ತೂ ಸೇರಿ ಇಪ್ಪತ್ತು ನಿಮಿಷಕ್ಕೆ ಕಚೇರಿಯ ಗೇಟಿನಲ್ಲಿರುತ್ತೀಯೆ. ನಿಮ್ಮಲ್ಲಿಗೆ ಬಂದಿದ್ದಾಗ ಆ ದಾರಿಯನ್ನು ನಾನು ನಡೆದೇ ನೋಡಿದ್ದೇನೆ. ಇಳಿದು ತಳ್ಳಬೇಕಾದ ಏರು ಅಲ್ಲಿ ಇಲ್ಲ. 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಮೈಸೂರಿನಲ್ಲಿ ಆರಂಭವಾದಾಗ ಆ ಊರು ಇದಕ್ಕೆ ಹೇಳಿಮಾಡಿಸಿದಂತಿದೆ ಎಂದು ನನಗೆ ಅನ್ನಿಸಿತ್ತು. ಆದರೆ ಅಂಥ ಸೈಕಲ್ ಅನುಕೂಲವಾಗುವುದು ಕೋಣೆಯ ಬಳಿಯೂ ಕಚೇರಿಯ ಬಳಿಯೂ ಅದರ ನಿಲ್ದಾಣವಿದ್ದರೆ ಮಾತ್ರ.

ಇನ್ನು ಸೈಕಲ್ಲಿನ ಅಳತೆ. ನೀನು ಕಚೇರಿಗೆ ಚೂಡಿದಾರ್ ಹಾಕಿಕೊಂಡು ಹೋಗುವವಳು, ಹಬ್ಬದ ದಿನ ಸೀರೆಯನ್ನೂ ಉಡುತ್ತೀಯೆ. ಹಾಗಾಗಿ ಅಡ್ಡ ಪೈಪಿಲ್ಲದ, ಕಾಲೆತ್ತದೆ ಹತ್ತಿ ಇಳಿಯಬಹುದಾದ ಫ್ರೇಮೇ ಆಗಬೇಕು. ಎಂಟನೇ ತರಗತಿಯಲ್ಲಿ ಸರ್ಕಾರದಿಂದ ನಿನಗೆ ಬಂದ ಸೈಕಲ್ ಹಾಗೆಯೇ ಇತ್ತು. 2006–07ರಲ್ಲಿ ಆರಂಭವಾದ ಆ ಯೋಜನೆಯ ಸೈಕಲ್ಲುಗಳಲ್ಲೇ ನಮ್ಮ ಶಾಲೆಯ ಎಷ್ಟೋ ಹೆಣ್ಣುಮಕ್ಕಳು ಪಕ್ಕದ ಹಳ್ಳಿಗಳಿಂದ ಹೈಸ್ಕೂಲಿಗೆ ಬಂದರು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿನ್ನದು ಈಗ ನಿನ್ನ ಅಮ್ಮನ ಬಳಿ ಡೇರಿಗೆ ಹೋಗಿ ಬರುತ್ತಿದೆ. ಆದರೆ ಆಗಿನ ನಿನ್ನ ಎತ್ತರಕ್ಕೂ ಈಗಿನದಕ್ಕೂ ವ್ಯತ್ಯಾಸವಿದೆ. ಅಂಗಡಿಯಲ್ಲಿ ಸೀಟಿನ ಮೇಲೆ ಕುಳಿತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡು. ಆಗ ಕಾಲು ನೇರವಾಗಿರಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುವುದರಿಂದ ಮಂಡಿ ಸ್ವಲ್ಪ ಮಡಿಸಿರುತ್ತದೆ, ಅದೇ ಸರಿಯಾದ ಎತ್ತರ. ಸೀಟು ತಗ್ಗಿದ್ದರೆ ಕೆಲವೇ ವಾರಗಳಲ್ಲಿ ಮಂಡಿ ನೋವು ಬರುತ್ತದೆ. ನನ್ನ 22 ಇಂಚಿನ ಫ್ರೇಮಿನ ಅಟ್ಲಾಸ್ ಸೈಕಲ್ಲಿನಲ್ಲಿ ಮೊದಲ ವರ್ಷವೆಲ್ಲ ಆ ನೋವು ಅನುಭವಿಸಿ, ಕೊನೆಗೆ ಸೀಟನ್ನು ಒಂದೂವರೆ ಇಂಚು ಏರಿಸಿದ ಮೇಲೆ ಸುಧಾರಿಸಿಕೊಂಡೆ.

ಆ ಅಟ್ಲಾಸಿನಲ್ಲಿ ಇಪ್ಪತ್ತನಾಲ್ಕು ವರ್ಷ ಶಾಲೆಗೆ ಹೋಗಿ ಬಂದವನಾದ್ದರಿಂದ ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನಲ್ಲಿದ್ದ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಸುದ್ದಿ ಓದಿ ನನಗೆ ಬಹಳ ಬೇಸರವಾಯಿತು. ಆದರೂ ನನ್ನ ಸೈಕಲ್ ನಿಲ್ಲಲಿಲ್ಲ, ಏಕೆಂದರೆ ಅದರ ಟೈರು, ಟ್ಯೂಬು, ಚೈನು, ಫ್ರೀ ವ್ಹೀಲು, ಬ್ರೇಕಿನ ರಬ್ಬರು ಯಾವ ಊರಿನ ಸೈಕಲ್ ಶಾಪಿನಲ್ಲೂ ಸಿಗುವ ಅಳತೆಯವು. ನೀನೂ ಹಾಗೆಯೇ ನೋಡಬೇಕು. ಕೊಳ್ಳುವ ಮೊದಲು ನಿನ್ನ ಕೋಣೆಯ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ, ಈ ಅಳತೆಯ ಟ್ಯೂಬು ಇಟ್ಟಿದ್ದೀರಾ, ಈ ಬ್ರೇಕು ರಿಪೇರಿ ಮಾಡುತ್ತೀರಾ ಎಂದು ಕೇಳು. ಅವರು ಇಲ್ಲವೆಂದರೆ ಆ ಸೈಕಲ್ ಬೇಡ.

ಅಂಗಡಿಯಲ್ಲಿ ರಿಮ್ಮಿನ ಬಳಿ ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡು. ಅಂಟಿಕೊಂಡರೆ ಅದು ಉಕ್ಕು, ಅಂಟದಿದ್ದರೆ ಅಲಾಯ್, ಎಂದರೆ ಅಲ್ಯೂಮಿನಿಯಂ ಮಿಶ್ರಲೋಹ. ಹೊಳೆಯುವ ಉಕ್ಕಿನ ರಿಮ್ಮು ಮಳೆಯಲ್ಲಿ ನೆಂದರೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಮೈಸೂರಿನ ಅಕ್ಟೋಬರ್ ಸಂಜೆಯ ಗುಡುಗುಮಳೆಯಲ್ಲಿ ನೀನು ಮನೆಗೆ ಹಿಂದಿರುಗುವವಳು, ಹಾಗಾಗಿ ಕೆಲವು ನೂರು ರೂಪಾಯಿ ಹೆಚ್ಚಾದರೂ ಅಲಾಯ್ ರಿಮ್ಮಿನದನ್ನೇ ತೆಗೆದುಕೋ. ಉದ್ದನೆಯ ಮಡ್‌ಗಾರ್ಡು, ಚೈನನ್ನು ಪೂರ್ತಿ ಮುಚ್ಚುವ ಚೈನ್ ಕವರು, ಊಟದ ಡಬ್ಬಿಯಿರುವ ಚೀಲ ಕಟ್ಟಲು ಕ್ಯಾರಿಯರು, ಹಿಂದಿನ ಚಕ್ರಕ್ಕೆ ದುಪಟ್ಟಾ ಸಿಕ್ಕಿಕೊಳ್ಳದಂತೆ ತಡೆಯುವ ಜಾಲರಿ, ಇವು ಅಲಂಕಾರಕ್ಕೆ ಇರುವವಲ್ಲ. ಆಧುನಿಕವಾಗಿ ಕಾಣಲೆಂದು ಇವನ್ನೆಲ್ಲ ತೆಗೆದು ಮಾರುವ ಸೈಕಲ್ಲಿನಲ್ಲಿ ನೀನು ಕಚೇರಿಗೆ ಹೋದರೆ ಬಟ್ಟೆಯ ಮೇಲೆ ಕೆಸರಿನ ಗೆರೆಯೂ ಚೈನಿನ ಎಣ್ಣೆಯೂ ಇರುತ್ತವೆ. ಮತ್ತೆ ಸೈಕಲ್ ಬಿಟ್ಟು ಆಟೋ ಹಿಡಿಯುತ್ತೀಯೆ.

ಇಂಟರ್‌ನೆಟ್ಟಿನಲ್ಲಿ ತರಿಸಿದರೆ ಬೆಲೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ಅದು ಅರ್ಧಂಬರ್ಧ ಜೋಡಿಸಿದ ಸ್ಥಿತಿಯಲ್ಲಿ ಪೆಟ್ಟಿಗೆಯಲ್ಲಿ ಬರುತ್ತದೆ, ಮುಂದಿನ ಚಕ್ರ, ಹ್ಯಾಂಡಲು, ಪೆಡಲುಗಳನ್ನು ನೀನೇ ಕೂಡಿಸಬೇಕು. ಎಡಗಡೆಯ ಪೆಡಲಿನ ತಿರುಪಿನ ಮರೆ (ಥ್ರೆಡ್) ಉಲ್ಟಾ ಇರುತ್ತದೆ ಎಂಬುದು ಗೊತ್ತಿಲ್ಲದೆ ಬಲವಾಗಿ ತಿರುಗಿಸಿ ಪೆಡಲು ಕೂರುವ ಕ್ರ್ಯಾಂಕಿನ ಮರೆಯನ್ನೇ ಹಾಳುಮಾಡಿಕೊಂಡವರನ್ನು ಬಲ್ಲೆ. ಅಂಗಡಿಯಲ್ಲಿ ಕೊಂಡರೆ ತಿಂಗಳ ನಂತರ ಮತ್ತೆ ಒಯ್ದು, ಸಡಿಲವಾದ ಕಡ್ಡಿಗಳನ್ನು ಬಿಗಿಸಿ ಚಕ್ರದ ಬೆಂಡ್ ತೆಗೆಸಬಹುದು. ಹೊಸ ಸೈಕಲ್ಲಿಗೆ ಅದು ತಪ್ಪದೆ ಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೋ.

ಹಳೆಯ ಸೈಕಲ್ ಸಿಕ್ಕರೆ ಬೇಡವೆನ್ನುವುದಿಲ್ಲ. ಸ್ಕೇಲಿನಿಂದ ಚೈನನ್ನು ಅಳೆ. ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಇಂಚು ಬರುತ್ತವೆ. ಅದು 12 ಇಂಚಿನ ಮೇಲೆ ಒಂದು ದಾರದಷ್ಟು, ಎಂದರೆ ಎಂಟನೇ ಒಂದು ಇಂಚು, ಹೆಚ್ಚಿದ್ದರೆ ಚೈನಿನ ಜೊತೆಗೆ ಹಲ್ಲುಗಳೂ ಸವೆದಿವೆ ಎಂದು ತಿಳಿ. ಫ್ರೇಮಿನ ಬೆಸುಗೆಯಲ್ಲಿ ಬಿರುಕಿದ್ದರೆ, ಅಥವಾ ಕೊಂಡ ರಸೀದಿ ಕೊಡದಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡ.

ಹತ್ತು ಸಾವಿರ ಎತ್ತಿಟ್ಟಿದ್ದೇನೆ ಎಂದೆಯಲ್ಲ, ಅದರಲ್ಲಿ ಸೈಕಲ್ಲಿಗೆ ಎಂಟು ಸಾವಿರ ಮೀರಿಸಬೇಡ. ಉಳಿದದ್ದರಲ್ಲಿ ಗಟ್ಟಿಯಾದ ಬೀಗ, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಹೆಲ್ಮೆಟ್ ಬರಬೇಕು. ತೆಳ್ಳನೆಯ ತಂತಿಯ ಬೀಗವನ್ನು ಕಟ್ಟರಿನಲ್ಲಿ ಕ್ಷಣದಲ್ಲಿ ಕತ್ತರಿಸುತ್ತಾರೆ. ಬೀಗವನ್ನು ಫ್ರೇಮಿಗೂ ಹಿಂದಿನ ಚಕ್ರಕ್ಕೂ ಸೇರಿಸಿ ಕಂಬಕ್ಕೆ ಹಾಕು. ರಾತ್ರಿ ರಿಂಗ್ ರಸ್ತೆಯಲ್ಲಿ ಲಾರಿಗಳು ಜೋರಾಗಿ ಓಡುತ್ತವೆ. ಐದು ನಿಮಿಷ ಹೆಚ್ಚಾದರೂ ಒಳರಸ್ತೆಯಲ್ಲೇ ಬಾ. ಇದೊಂದನ್ನು ನನಗಾಗಿ ನಡೆಸಿಕೊಡು.

ಭಾನುವಾರ ಅಂಗಡಿಗೆ ಹೋಗುವಾಗ ಕಚೇರಿಗೆ ಹಾಕುವ ಬಟ್ಟೆಯನ್ನೇ ಹಾಕಿಕೊಂಡು, ಚೀಲವನ್ನೂ ಒಯ್ದು, ಒಂದು ಸುತ್ತು ಹೊಡೆದು ನೋಡಿ, ಆಮೇಲೆ ದುಡ್ಡು ಕೊಡು. ಗಾಳಿ ಹಾಕುವ ಪಂಪು ಕೊಳ್ಳಬೇಡ. ನನ್ನ ಹಿತ್ತಾಳೆಯ ಪಂಪಿಗೆ ಹೊಸ ವಾಷರ್ ಹಾಕಿಸಿಟ್ಟಿದ್ದೇನೆ, ಮುಂದಿನ ಶನಿವಾರ ರೈಲಿಗೆ ಬರುವಾಗ ತರುತ್ತೇನೆ.

ಇಂತಿ,
ನಿನ್ನ ಪ್ರೀತಿಯ ಅಪ್ಪ