ಮನಸ್ಸನ್ನು ಕೇಳುವುದಾದರೆ ಏನನ್ನು ಕೇಳಬೇಕು?

ಮಾನ್ಯ ಸಂಪಾದಕರೇ,

ಪಿಯುಸಿಗೆ ಸೈನ್ಸೋ ಕಾಮರ್ಸೋ ಎಂದು ತೊಳಲಾಡುವ ಮಕ್ಕಳಿಗೆ ಪತ್ರಿಕೆಗಳು ವರ್ಷವೂ ಕೊಡುವ ಸಲಹೆ ಒಂದೇ: 'ನಿಮ್ಮ ಮನಸ್ಸನ್ನೇ ಕೇಳಿ.' ಕೇಳಲಿ. ಆದರೆ ಮನಸ್ಸು ಯಾವ ಪ್ರಶ್ನೆಗೆ ನಂಬುವಂಥ ಉತ್ತರ ಕೊಡುತ್ತದೆ, ಯಾವುದಕ್ಕೆ ಕತೆ ಕಟ್ಟುತ್ತದೆ ಎಂದು ಯಾರೂ ಬರೆಯುವುದಿಲ್ಲ.

ಉಡುಪಿಯವರಿಗೆ ಇದು ಹೊಸ ಮಾತಲ್ಲ. ಮಧ್ವಾಚಾರ್ಯರು ಸಾಕ್ಷಿಯನ್ನೂ (ಒಳಗಿನ ಅನುಭವವನ್ನು ನೇರವಾಗಿ ಅರಿಯುವ ಆತ್ಮದ ಅರಿವು) ಮನಸ್ಸನ್ನೂ ಬೇರೆ ಮಾಡಿಯೇ ಹೇಳಿದ್ದಾರೆ. ಸುಖದುಃಖ ಸಾಕ್ಷಿಗೆ ನೇರ ಗೋಚರ, ಅಲ್ಲಿ ತಪ್ಪಿಗೆ ಎಡೆಯಿಲ್ಲ. ಮನಸ್ಸಾದರೋ ಕಣ್ಣುಕಿವಿಯಂತೆ ಒಂದು ಇಂದ್ರಿಯ, ದೋಷವಿದ್ದರೆ ತಪ್ಪುತ್ತದೆ. 'ಸಂಕಟವಾಗುತ್ತಿದೆ' ಎಂಬುದು ಸಾಕ್ಷಿಯ ಮಾತು. 'ಗಣಿತ ನನಗೆ ಹೇಳಿದ್ದಲ್ಲ, ಅದಕ್ಕೇ ಸಂಕಟ' ಎಂಬಲ್ಲಿ ಆ 'ಅದಕ್ಕೇ' ಮನಸ್ಸು ಸೇರಿಸಿದ್ದು.

ಈ 'ಅದಕ್ಕೇ' ಎಷ್ಟು ಪೊಳ್ಳು ಎಂಬುದಕ್ಕೆ ಮನಶ್ಶಾಸ್ತ್ರಜ್ಞರಾದ ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲಿ ವರದಿ ಮಾಡಿದ ಪ್ರಯೋಗ ನೋಡಿ. ತದ್ರೂಪಿ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿಟ್ಟು ಒಳ್ಳೆಯದನ್ನು ಆರಿಸಲು ಹೇಳಿದರು. ಬಲತುದಿಯದನ್ನು ಆರಿಸಿದವರು ಶೇ 40, ಎಡತುದಿಯದನ್ನು ಶೇ 12. ಇಟ್ಟ ಜಾಗವೇ ಕಾರಣವೆಂದು ಒಬ್ಬರೂ ಹೇಳಲಿಲ್ಲ, 'ಜಾಗದಿಂದಲೋ?' ಎಂದು ಕೇಳಿದರೂ ಬಹುತೇಕರು ಒಪ್ಪಲಿಲ್ಲ.

ಹಾಗಾಗಿ 'ಯಾಕೆ' ಬಿಟ್ಟು 'ಈಗ ಏನು' ಎಂದು ಕೇಳಬೇಕು. ಮನಶ್ಶಾಸ್ತ್ರಜ್ಞ ಹರ್ಲ್‌ಬರ್ಟ್ ಇದಕ್ಕೆ ಹೇಳದೆ ಕೇಳದೆ ಸದ್ದು ಮಾಡುವ ಬೀಪರ್ ಬಳಸಿದರು. ನಮಗೆ ಫೋನ್ ಸಾಕು. ದಿನಕ್ಕೆ ಐದಾರು ಅಲಾರಂ, ಹೊತ್ತು ನಮಗೆ ಗೊತ್ತಿರಬಾರದು, ಬೇರೆಯವರೇ ಇಡಬೇಕು. ಸದ್ದಾಗುವ ಮುಂಚಿನ ಕ್ಷಣದಲ್ಲಿ ಇದ್ದದ್ದನ್ನು ಮಾತ್ರ ಆಗಲೇ ಬರೆಯುವುದು. 'ಬೋರಾಗಿತ್ತು' ಎಂದರೆ ಆಗದು. 'ಮೂರನೇ ಲೆಕ್ಕದ ಎರಡನೇ ಸಾಲು, ಕುತ್ತಿಗೆ ಬಿಗಿ, ಹೊರಗೆ ಸಿಟಿ ಬಸ್ಸಿನ ಹಾರ್ನ್': ಹೀಗೆ. 'ಯಾಕೆಂದರೆ' ಎಂದು ಶುರುವಾದ ಸಾಲನ್ನು ಹೊಡೆದುಹಾಕಿ. ಮೊದಲ ದಿನದ್ದನ್ನು ಲೆಕ್ಕಕ್ಕಿಡಬೇಡಿ, ಅದು ಅಭ್ಯಾಸಕ್ಕೆ. ರಾತ್ರಿ ಎಲ್ಲವನ್ನೂ ಒಟ್ಟಿಗೆ ಬರೆಯುವುದಂತೂ ದಂಡ. ಅಷ್ಟರಲ್ಲಿ ನೆನಪು ಎಲ್ಲಕ್ಕೂ ಬಾಚಣಿಗೆ ಹಾಕಿರುತ್ತದೆ.

'ನನಗೆ ಅಕೌಂಟೆನ್ಸಿ ಇಷ್ಟವೇ?' ಎಂದು ಕಣ್ಣು ಮುಚ್ಚಿ ಕೂರುವುದೂ ವ್ಯರ್ಥ. ಒಂದು ಅಧ್ಯಾಯ ಓದಿ, ಹತ್ತು ಲೆಕ್ಕ ಮಾಡಲಿ, ಅಲಾರಂ ಆ ಹೊತ್ತಿನಲ್ಲೂ ಹೊಡೆಯಲಿ.

ಹೆತ್ತವರಿಗೆ ಒಂದು ಮಾತು: ಅಲಾರಂ ನೀವೇ ಇಡಿ, ಮಕ್ಕಳು ಬರೆದಿಟ್ಟ ಪುಸ್ತಕ ಮಾತ್ರ ತೆರೆಯಬೇಡಿ. ಅಮ್ಮ ಓದುತ್ತಾಳೆಂದು ಗೊತ್ತಾದರೆ ಮಗ ಅಮ್ಮನಿಗಾಗಿಯೇ ಬರೆಯುತ್ತಾನೆ.

– ತತ್ತ್ವಶಾಸ್ತ್ರದ ಅಧ್ಯಾಪಕ, ಉಡುಪಿ