ಆಪ್ಷನ್ ಎಂಟ್ರಿಗೆ ಮುಂಚೆ ಇದನ್ನು ಓದು, ಪುಟ್ಟಿ

ರಾಜಾಜಿನಗರ, ಬೆಂಗಳೂರು

ಚಿ. ಪವಿತ್ರಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ತಲೆಯಿಂದ ಹೋಗುತ್ತಿಲ್ಲ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿದೆ. ಆದರೂ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವಾಗ, ಮನೆ ಹತ್ತಿರದ ಎರಡು ಕಾಲೇಜು ಮಾತ್ರ ಹಾಕುತ್ತೇನೆ ಅಂದೆ. ಯಾಕಮ್ಮ ಅಂತ ಕೇಳಿದರೆ, "ದೊಡ್ಡ ಕಾಲೇಜೆಲ್ಲ ಓದಿದವರ ಮನೆ ಮಕ್ಕಳಿಗೆ ದೊಡ್ಡಮ್ಮ, ನಮ್ಮಂಥವರಿಗೆ ಎಲ್ಲಿ" ಅಂದುಬಿಟ್ಟೆ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿದರೆ ಸಾಲದು ಅನ್ನಿಸಿತು. ನಿಧಾನವಾಗಿ ಕೂತು ಬರೆಯುತ್ತಿದ್ದೇನೆ.

ನೀನು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬ್ರೂಸ್ ಸಾಸರ್‌ಡೋಟ್ ಅಂತ ಒಬ್ಬ ಅರ್ಥಶಾಸ್ತ್ರಜ್ಞರಿದ್ದಾರೆ. ಮಕ್ಕಳ ಓದಿಗೆ ಹುಟ್ಟು ಎಷ್ಟು ಕಾರಣ, ಬೆಳೆದ ಮನೆ ಎಷ್ಟು ಕಾರಣ ಅಂತ ಅವರು ಹುಡುಕಿದರು. ಮಾಮೂಲಿ ಸಂಸಾರಗಳಲ್ಲಿ ಇದನ್ನು ಬಿಡಿಸಿ ನೋಡುವುದಕ್ಕೆ ಆಗುವುದಿಲ್ಲ, ಎರಡೂ ಒಂದೇ ಅಪ್ಪ ಅಮ್ಮನಿಂದ ಬರುತ್ತವಲ್ಲ. ಅದಕ್ಕೆ ಅವರು ಕೊರಿಯಾದಿಂದ ಅಮೆರಿಕಕ್ಕೆ ದತ್ತು ಹೋದ ಮಕ್ಕಳನ್ನು ಆರಿಸಿಕೊಂಡರು. ಹೋಲ್ಟ್ ಎಂಬ ಸಂಸ್ಥೆಯ ಮೂಲಕ ಹೋದ ಮಕ್ಕಳು ಅವರು. ಅಲ್ಲಿ ಅರ್ಹತೆ ಇದ್ದ ದಂಪತಿಗಳಿಗೆ ಸರದಿ ಪ್ರಕಾರ ಮಗು ಸಿಗುತ್ತಿತ್ತು. ಯಾವ ಮಗು ಯಾವ ಮನೆಗೆ ಅನ್ನುವುದನ್ನು ಯಾರೂ ಆರಿಸುತ್ತಿರಲಿಲ್ಲ.

2007ರಲ್ಲಿ ಅವರ ಸಂಶೋಧನೆ ಅಚ್ಚಾಯಿತು. ಅಪ್ಪ ಅಮ್ಮ ಇಬ್ಬರೂ ಪದವಿ ಮಾಡಿದ್ದು ಮಕ್ಕಳೂ ಕಡಿಮೆ ಇರುವ ಮನೆ ಒಂದು ಕಡೆ. ಇಬ್ಬರೂ ಪದವಿ ಮಾಡದ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಮನೆ ಇನ್ನೊಂದು ಕಡೆ. ಮೊದಲನೇ ಥರದ ಮನೆ ಸೇರಿದವರಲ್ಲಿ ಡಿಗ್ರಿ ಮುಗಿಸಿದವರು ನೂರಕ್ಕೆ 16 ಮಂದಿ ಜಾಸ್ತಿ. ಮಕ್ಕಳು ಒಂದೇ ಥರದವರು, ಮನೆ ಮಾತ್ರ ಬೇರೆ. ಆದರೆ ಅದೇ ಮನೆಗಳಲ್ಲಿ ಹುಟ್ಟಿದ ಸ್ವಂತ ಮಕ್ಕಳನ್ನು ನೋಡಿದರೆ, ತಾಯಿಯ ಓದು ಅವರಿಗೆ ಇಳಿದುಬಂದದ್ದು ದತ್ತು ಮಕ್ಕಳಿಗಿಂತ ಬಹಳ ಹೆಚ್ಚು. ಅಂದರೆ ಮನೆಯೂ ಲೆಕ್ಕಕ್ಕಿದೆ, ಹುಟ್ಟೂ ಲೆಕ್ಕಕ್ಕಿದೆ.

ಈಗ ನಿಮ್ಮಮ್ಮನ ವಿಷಯ. ನಮ್ಮ ಅಪ್ಪ ತೀರಿಕೊಂಡಾಗ ನನ್ನ ಪಿಯುಸಿ ಮುಗಿದಿತ್ತು, ಅವಳಿನ್ನೂ ಏಳನೇ ಕ್ಲಾಸು. ನಾನು ಹಾಸ್ಟೆಲ್ ಸೀಟು ಸಿಕ್ಕಿ ಮುಂದೆ ಓದಿದೆ. ಅವಳು ಸ್ಕೂಲು ಬಿಟ್ಟಳು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಇವತ್ತಿಗೂ ಗಾರ್ಮೆಂಟ್ಸ್‌ನಲ್ಲಿ ಸಂಬಳದ ದಿನ ಅವಳ ಲೈನಿನ ಹೆಂಗಸರು ತಮ್ಮ ಪೇ ಸ್ಲಿಪ್ ಹಿಡಿದುಕೊಂಡು ಅವಳ ಹತ್ತಿರವೇ ಬರುತ್ತಾರೆ. ಪಿಎಫ್ ಶೇ 12, ಇಎಸ್‌ಐ ಶೇ 0.75 ಕಳೆದು, ಓಟಿ ಕೂಡಿಸಿ, ಕೈಗೆ ಇಷ್ಟು ಬರಬೇಕು ಅಂತ ನಿಂತಲ್ಲೇ ಬಾಯಲ್ಲಿ ಹೇಳುತ್ತಾಳೆ. ನೀನು ಅವಳ ಹೊಟ್ಟೆಯಲ್ಲಿ ಹುಟ್ಟಿದವಳು. ಹುಟ್ಟಿನಿಂದ ಬರಬೇಕಾದದ್ದು ನಿನಗೆ ಬಂದಿದೆ. ಓದಿದವರ ಮನೆಯಲ್ಲಿ ಮಕ್ಕಳಿಗೆ ಸುಮ್ನೆ ಕಿವಿಗೆ ಬೀಳುವ ಮಾಹಿತಿ, ಧೈರ್ಯ, "ನೀನು ಹಾಕು, ನಾವಿದ್ದೇವೆ" ಅನ್ನುವ ಮಾತು ಮಾತ್ರ ಕಡಿಮೆ ಬಿದ್ದಿದೆ. ಅದನ್ನು ಹೊರಗಿನಿಂದ ತುಂಬಿಕೊಳ್ಳಬಹುದು ಪುಟ್ಟಿ. ಇದು ನನ್ನ ಸಮಾಧಾನದ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ.

ಸೂಸನ್ ಡೈನಾರ್ಸ್‌ಕಿ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ಮಿಷಿಗನ್ ರಾಜ್ಯದಲ್ಲಿ 2015ರಲ್ಲಿ ಒಂದು ಕೆಲಸ ಮಾಡಿದರು. ಅಲ್ಲಿನ ಮಿಷಿಗನ್ ವಿಶ್ವವಿದ್ಯಾಲಯ ತುಂಬ ಹೆಸರುವಾಸಿ. ಬಡವರ ಮನೆಯ ಜಾಣ ಮಕ್ಕಳು ಅದಕ್ಕೆ ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಅಂಥ ಕೆಲವು ಮಕ್ಕಳಿಗೆ ಒಂದು ಪತ್ರ ಹೋಯಿತು. ನಿನಗೆ ಸೀಟು ಸಿಕ್ಕರೆ ನಾಲ್ಕು ವರ್ಷ ಶುಲ್ಕ ಇಲ್ಲ, ಇದು ನಮ್ಮ ಮಾತು ಅಂತ. ಅಪ್ಪ ಅಮ್ಮನಿಗೂ ಸ್ಕೂಲಿನ ಮುಖ್ಯಸ್ಥರಿಗೂ ಬೇರೆ ಪತ್ರ ಹೋಯಿತು. ಪತ್ರ ಬಂದ ಮಕ್ಕಳಲ್ಲಿ ಅರ್ಜಿ ಹಾಕಿದವರು ಶೇ 68, ಬಾರದವರಲ್ಲಿ ಶೇ 26. ಸೇರಿದವರು ಶೇ 27, ಪತ್ರ ಬಾರದವರಲ್ಲಿ ಶೇ 12.

ನೋಡು, ಆ ಪತ್ರದಲ್ಲಿ ಹೊಸ ದುಡ್ಡೇನೂ ಇರಲಿಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ನೆರವು ಹೇಗೂ ಸಿಗುತ್ತಿತ್ತು. ಅದನ್ನು ಮೊದಲೇ, ಖಚಿತವಾಗಿ, ಮನೆ ಬಾಗಿಲಿಗೆ ಬಂದು ಹೇಳಿದವರು ಯಾರೂ ಇರಲಿಲ್ಲ, ಅಷ್ಟೇ. ಹೀಗೆ ಹೆಚ್ಚಾಗಿ ಸೇರಿದವರಲ್ಲಿ ನಾಲ್ಕರಲ್ಲಿ ಒಂದು ಪಾಲು ಮಕ್ಕಳು ಪತ್ರ ಬರದಿದ್ದರೆ ಯಾವ ಕಾಲೇಜಿಗೂ ಹೋಗುತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಎಷ್ಟು ಮಕ್ಕಳು ಒಂದು ಮಾತು ಸಿಗದೆ ಅರ್ಧ ದಾರಿಯಲ್ಲೇ ನಿಂತಿರಬಹುದು, ನಮ್ಮ ಊರಿನಲ್ಲೂ.

ನಿನಗೆ ಅಂಥ ಪತ್ರ ಇದೇ ಅಂತ ತಿಳಿದುಕೋ. ಆಪ್ಷನ್ ಎಂಟ್ರಿಯಲ್ಲಿ ಎಷ್ಟು ಕಾಲೇಜು ಹಾಕಿದರೂ ದುಡ್ಡು ಜಾಸ್ತಿ ಆಗುವುದಿಲ್ಲ. ನೀನು ಬರೆದ ಕ್ರಮದಲ್ಲೇ, ಮೇಲಿನಿಂದ ನೋಡುತ್ತಾ ಬರುತ್ತಾರೆ. ಮೊದಲನೆಯದು ನಿನ್ನ ರ‍್ಯಾಂಕಿಗೆ ಸಿಗದಿದ್ದರೆ ಎರಡನೆಯದು. ಮೇಲೆ ದೊಡ್ಡ ಕಾಲೇಜು ಹಾಕಿದರೆ ಕೆಳಗಿನದು ಕೈತಪ್ಪುತ್ತದೆ ಅನ್ನುವುದು ಸುಳ್ಳು. ನಿನ್ನ ಸ್ನೇಹಿತೆಯರು ಹಾಗೆ ಹೆದರಿಸಿದರೆ ನಂಬಬೇಡ. ಅಣಕು ಸೀಟು ಹಂಚಿಕೆ ಬಂದ ಮೇಲೆ ಕ್ರಮ ಬದಲಾಯಿಸುವುದಕ್ಕೂ ಅವಕಾಶ ಕೊಡುತ್ತಾರೆ.

ಕೆ.ಆರ್. ವೃತ್ತದ ಯುವಿಸಿಇ ಎಂಜಿನಿಯರಿಂಗ್ ಕಾಲೇಜು ನಿನ್ನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಕಾಲೇಜು, ಸರ್ಕಾರದ್ದು. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಸೆಂಟ್ರಲ್ ಕಾಲೇಜು. ಅಲ್ಲಿಂದ ನಡೆದು ಹೋಗಬಹುದು. ಬಿಎಂಟಿಸಿ ಆದರೆ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ. ದೂರ ಅನ್ನುವ ಮಾತು ಬಿಡು.

ಫೀಸಿನ ವಿಷಯ ನಿಮ್ಮಪ್ಪನಿಗೆ ನೀನೇ ಬಿಡಿಸಿ ಹೇಳಬೇಕು. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಅಂತ ಇದೆ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು. ಮನೆಯ ವರ್ಷದ ಆದಾಯ 8 ಲಕ್ಷ ರೂಪಾಯಿಯ ಒಳಗಿರುವ ಮಕ್ಕಳಿಗೆ, ಬೋಧನಾ ಶುಲ್ಕ ಇಲ್ಲದೆ. ಖಾಸಗಿ ಕಾಲೇಜಿನಲ್ಲೂ ಇರುತ್ತದೆ. ಬೇರೆ ಶುಲ್ಕ ಸ್ವಲ್ಪ ಕಟ್ಟಬೇಕಾಗುತ್ತದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಇದು ಸಾಲ ಅಲ್ಲ. ನಿಮ್ಮಮ್ಮ ಬೇಡ ಅಂದರೂ ಕೇಳಬೇಡ.

ಇಂಗ್ಲಿಷ್ ಬಗ್ಗೆ ನಿನಗೆ ಭಯ ಇದೆ, ಗೊತ್ತು. ಮೊದಲನೇ ಸೆಮಿಸ್ಟರ್ ಕಷ್ಟ ಆಗುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ನಿನ್ನ ಕ್ಲಾಸಿನಲ್ಲೂ ಇರುತ್ತಾರೆ, ಅವರನ್ನು ಹುಡುಕಿ ಜೊತೆ ಮಾಡಿಕೋ.

ಭಾನುವಾರ ನಿಮ್ಮಮ್ಮನಿಗೆ ರಜೆ ಅಲ್ವಾ, ಇಬ್ಬರೂ ಬೆಳಿಗ್ಗೆಯೇ ಬನ್ನಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ತಾ, ಅದರ ಆರ್‌ಡಿ ನಂಬರ್ ಅರ್ಜಿಯಲ್ಲಿ ಸರಿಯಾಗಿದೆಯೋ ನೋಡೋಣ. ಹೋದ ವರ್ಷದ ಕಟ್ ಆಫ್ ಪಟ್ಟಿ ನಾನು ಪ್ರಿಂಟ್ ತೆಗೆಸಿಟ್ಟಿದ್ದೇನೆ. ನಿಮ್ಮಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕಾಲೇಜುಗಳ ಕ್ರಮ ಬರೆಯೋಣ. ರ‍್ಯಾಂಕಿನ ಅಂಕಿಗಳನ್ನು ನಮ್ಮಿಬ್ಬರಿಗಿಂತ ಬೇಗ ಅವಳೇ ಹೊಂದಿಸಿಬಿಡುತ್ತಾಳೆ. ಊಟ ಇಲ್ಲೇ.

ಇಂತಿ,
ನಿನ್ನ ದೊಡ್ಡಮ್ಮ